ಪಿಸುಮಾತೂ ಕೇಳಿಸದ ಮಳೆ

ನಾವು ಕಡಲ ತೀರಕ್ಕೆ ಹೋದದ್ದು ಕಡಲು ನೋಡುವುದಕ್ಕಲ್ಲ, ಅಮ್ಮನನ್ನು ಸುಮ್ಮನಿರಿಸುವುದಕ್ಕೆ.

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಹೇಳುವುದು ಅಮ್ಮನ ಕೆಲಸ. ಗಂಟಲಲ್ಲಿ ಗಂಟು ಬೆಳೆದು ಆಪರೇಷನ್ ಆಗಿತ್ತು. ಸ್ವರ ಮರಳದಿದ್ದರೆ ಮೈಕು ಬೇರೆಯವರಿಗೆ, ಅಮ್ಮನಿಗೆ ಸಾಮಾನು ಕೋಣೆಯ ಕೆಲಸ ಎಂದು ಮೇಲಿನವರು ಆಗಲೇ ಹೇಳಿಬಿಟ್ಟಿದ್ದರು. ಕೆಲವು ದಿನ ಮಾತೇ ಕೂಡದೆಂದು ಡಾಕ್ಟರ ಆಜ್ಞೆ. ಮನೆಯಲ್ಲಿ ಅದು ಆಗುವ ಹೋಗುವ ಮಾತಲ್ಲ. ನೋಡಲು ಬಂದವರೆಲ್ಲ ಮಾತಾಡಬೇಡಿ ಎನ್ನುತ್ತಲೇ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದರು. ಅಮ್ಮ ಎಲ್ಲದಕ್ಕೂ ಪಿಸುಗುಟ್ಟಿ ಉತ್ತರ ಕೊಡುತ್ತಿದ್ದಳು. ಪಿಸುಗುಟ್ಟಿದರೆ ಮಾತಾಡಿದ ಹಾಗಲ್ಲ ಎಂಬುದು ನಮ್ಮ ಮನೆಯ ತಿಳಿವಳಿಕೆ.

ಅಪ್ಪ ತಮ್ಮ ಕ್ಷೌರದಂಗಡಿಗೆ ಬೀಗ ಹಾಕಿದರು. ಮಳೆಗಾಲವೆಂದು ಅಗ್ಗಕ್ಕೆ ಸಿಕ್ಕ ಕೋಣೆ, ಮೇಲೆ ತಗಡಿನ ಮಾಡು, ಎದುರಿಗೆ ಮರಳು. ಚೀಲ ಇಳಿಸುವಷ್ಟರಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ತಗಡಿನ ಮೇಲೆ ಯಾರೋ ಮೂಟೆಗಟ್ಟಲೆ ಜಲ್ಲಿ ಸುರಿಯುತ್ತಿದ್ದ ಹಾಗೆ ಸದ್ದು. ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುವ ಅಪ್ಪ ಮೊದಲ ದಿನ ಮಳೆಯ ಮೇಲೆ ಕೂಗಾಡಿ, ಸೋತು, ಸಮುದ್ರವನ್ನೂ ಮಳೆಯನ್ನೂ ಒಟ್ಟಿಗೆ ಬೈದು ಮಲಗಿದರು.

ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಯಾರೂ ಏನನ್ನೂ ಕೇಳಲಾಗದ ಆ ಕೋಣೆ ಹಿಡಿಸಿತು. ಕಿಟಕಿಯ ಬಳಿ ಅಮ್ಮನೂ ನಾನೂ ಬಿಸಿ ಚಹಾ ಹಿಡಿದು ಕೂರುತ್ತಿದ್ದೆವು. ಕಡಲೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅಮ್ಮ ಏನೋ ಹೇಳಲು ಬಾಯಿ ತೆರೆದು, ಕೇಳಿಸದೆಂದು ಗೊತ್ತಾಗಿ, ನಕ್ಕು, ನನ್ನ ಕೈ ಒತ್ತುತ್ತಿದ್ದಳು. ಹಿಂದೆಂದೂ ಅವಳ ಪಕ್ಕದಲ್ಲಿ ಅಷ್ಟು ಹೊತ್ತು ಕೂತದ್ದು ನನಗೆ ನೆನಪಿಲ್ಲ.

ಒಂದು ಮಧ್ಯಾಹ್ನ ಡಾಕ್ಟರ ಫೋನು ಬಂತು. ಸಿಮೆಂಟಿನ ಮಾಡು ಇದ್ದದ್ದು ಬಚ್ಚಲಿಗೆ ಮಾತ್ರ, ಮಳೆಯ ಸದ್ದು ಅಲ್ಲಿ ಕಡಿಮೆ. ಅಲ್ಲಿಗೆ ಓಡಿ ಬಾಗಿಲು ಹಾಕಿಕೊಂಡೆ. ಮಾತಿಲ್ಲ ಡಾಕ್ಟ್ರೇ, ಅಮ್ಮ ಮನೆಯಲ್ಲೂ ಬರೀ ಪಿಸುಗುಡುತ್ತಿದ್ದರು ಎಂದು ಹೆಮ್ಮೆಯಿಂದಲೇ ಹೇಳಿದೆ.

"ಪಿಸುಗುಟ್ಟೋದೂ ಗಂಟಲಿಗೆ ಕೆಲಸಾನೇ ಕಣಮ್ಮಾ. ಅದೂ ಬೇಡ ಅಂತ ಹೇಳಿದ್ನಲ್ಲ. ಈಗಲೂ ಪಿಸುಗುಡ್ತಾರಾ?"

ನೆನಪು ಮಾಡಿಕೊಂಡೆ. ಇಲ್ಲಿಗೆ ಬಂದಾಗಿನಿಂದ ಅಮ್ಮನ ಒಂದು ಪಿಸುಮಾತೂ ನಾನು ಕೇಳಿರಲಿಲ್ಲ. ಕೇಳಿಸದ ಮೇಲೆ ಅವಳೂ ಬಿಟ್ಟೇಬಿಟ್ಟಿದ್ದಳು.

"ಇಲ್ಲ. ಇಲ್ಲಿ ಮಳೆ."

"ಹಾಗಾದ್ರೆ ಮಳೆ ಬರ್ಲಿ ಬಿಡಿ" ಎಂದರು ಡಾಕ್ಟರು. ನಾಡಿದ್ದಿನಿಂದ ಮೆಲ್ಲಗೆ ಒಂದೆರಡು ಮಾತು ಆಡಿನೋಡಬಹುದಂತೆ.

ಅಪ್ಪನಿಗೆ ವಿಷಯವನ್ನು ಕಿವಿಯಲ್ಲಿ ಕೂಗಿ ತಿಳಿಸಿದೆ. ಅವರು ಹಣೆ ಚಚ್ಚಿಕೊಂಡರು. ಮರುದಿನ ಮಳೆ ಸ್ವಲ್ಪ ತೆಳುವಾದಂತೆ ಕಂಡಾಗ, ಬೈದುದಕ್ಕೆ ಮುನಿದುಕೊಂಡಿತೇನೋ ಎಂಬಂತೆ ಅಪ್ಪ ಆಕಾಶ ನೋಡುತ್ತ ನಿಂತರು. ಮೋಡ ಮತ್ತೆ ಕವಿದಾಗ ಸಂತೋಷದಿಂದ ಕರಿದ ಮೀನು ತರಿಸಿದರು.

ಮಾತಾಡಿನೋಡುವ ದಿನ ಬಂತು. ಬಚ್ಚಲಲ್ಲಿ ಪ್ರಯತ್ನಿಸೆಂದು ಸನ್ನೆ ಮಾಡಿದೆ. ಅಮ್ಮ ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಅಲ್ಲಿ ತನ್ನ ಸ್ವರ ತನಗೇ ಸ್ಪಷ್ಟವಾಗಿ ಕೇಳಿಸೀತೆಂಬ ಹೆದರಿಕೆ ಅವಳ ಮುಖದಲ್ಲಿತ್ತು. ನಾನು ಒತ್ತಾಯಿಸಲಿಲ್ಲ.

ಸಂಜೆ ಅಪ್ಪ ಕೊಡೆ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ, ಅಲೆಯಂಚಿನಲ್ಲಿ ನಿಂತಿದ್ದರು. ಯಾರೂ ಇಲ್ಲದಿದ್ದರೂ ಅವರ ಬಾಯಿ, ಕೈ ಆಡುತ್ತಲೇ ಇದ್ದವು. ಅಮ್ಮ ಎದ್ದು ತಲೆಗೆ ಸೆರಗೆಳೆದುಕೊಂಡು ಮಳೆಯಲ್ಲೇ ನಡೆದುಹೋಗಿ ಕೊಡೆಯೊಳಗೆ ಸೇರಿಕೊಂಡಳು. ಕಿಟಕಿಯಿಂದ ನನಗೆ ಕಂಡದ್ದು ಎರಡು ಬೆನ್ನು, ಒಂದು ಕೊಡೆ. ಅಮ್ಮನ ತಲೆ ಅಪ್ಪನತ್ತ ತಿರುಗಿತು. ಆಡುತ್ತಿದ್ದ ಅಪ್ಪನ ಕೈ ನಿಂತಿತು. ಅವರು ಬಗ್ಗಿ ಕಿವಿ ಕೊಟ್ಟರು. ಎಷ್ಟೋ ಹೊತ್ತು ಹಾಗೇ ಬಗ್ಗಿದ್ದರು.

ತೊಯ್ದು ತೊಪ್ಪೆಯಾಗಿ ಒಳಬಂದ ಅಪ್ಪನ ಹತ್ತಿರ ಹೋಗಿ, ಏನಂದಳೆಂದು ಕಿವಿಯಲ್ಲಿ ಕೂಗಿದೆ.

"ಬೈದ್ಲು ಕಣೇ" ಎಂದು ಅವರೂ ನನ್ನ ಕಿವಿಯಲ್ಲಿ ಕೂಗಿದರು, ಕಣ್ಣೊರೆಸಿಕೊಳ್ಳುತ್ತ. "ವಟವಟ ಸಾಕು, ಶೀತ ಆಗತ್ತೆ, ಒಳಗೆ ನಡೀರಿ ಅಂದ್ಲು. ಸ್ವಲ್ಪ ದಪ್ಪ ಆಗಿದೆ. ಆದ್ರೆ ಅವಳದೇ ಸ್ವರ."

ಅಮ್ಮ ಕೂದಲು ಒರೆಸಿಕೊಳ್ಳುತ್ತ ನನ್ನತ್ತ ನೋಡಿ ನಕ್ಕಳು. ಇವತ್ತಿಗೆ ಇಷ್ಟೇ ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು. ಆ ಸ್ವರ ನನಗಿನ್ನೂ ಕೇಳಿಸಿರಲಿಲ್ಲ. ಅವಸರವೂ ಇರಲಿಲ್ಲ. ಕಿಟಕಿಯ ಬಳಿ ಅವಳ ಕುರ್ಚಿ ಎಳೆದಿಟ್ಟು, ಮಳೆಗೆ ಮನಸ್ಸಿನಲ್ಲೇ ಕೈಮುಗಿದು, ಚಹಾ ತರಲು ಹೋದೆ.