ಸಾವ್ಕಾರರ ರೇಷ್ಮೆ, ಸಾವ್ಕಾರರ ವಿಡಿಯೋ

ನನ್ನ ಮಗಳು ಇಂಚರಳ ಖಾತೆ ಮುಚ್ಚಿಹೋದದ್ದು ಗುರುವಾರ ಮಧ್ಯಾಹ್ನ, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ. ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಬಿಳಿ ಪರದೆಯ ಮೇಲೆ ಕನ್ನಡದಲ್ಲೇ ಬರೆದಿತ್ತು, ಆದರೆ ಕನ್ನಡ ಮಾತಾಡುವ ಯಾರೂ ಬರೆದಂತಿರಲಿಲ್ಲ. "ನಿಮ್ಮ ಖಾತೆಯು ಇತರರ ಸ್ವತ್ತಾದ ವಿಷಯವನ್ನು ಒಳಗೊಂಡಿರುವ ಕಾರಣ ತೆಗೆದುಹಾಕಲ್ಪಟ್ಟಿದೆ."

ಆ ಖಾತೆಯ ಮೇಲೆ ನನಗೆ ಮೊದಲಿಂದಲೂ ದೊಡ್ಡ ಗೌರವವೇನಿರಲಿಲ್ಲ. ಒಂದೂವರೆ ವರ್ಷದಿಂದ ಅವಳು ನಮ್ಮ ಮಗ್ಗದ ವಿಡಿಯೋ ತೆಗೆದು ಹಾಕುತ್ತಿದ್ದಳು. ಹನ್ನೊಂದು ಸಾವಿರ ಜನ ನೋಡುತ್ತಿದ್ದರಂತೆ. ನೋಡಿ ಮಾಡುತ್ತಿದ್ದದ್ದೇನು? ಒಬ್ಬ ಬೆಂಕಿಯ ಚಿತ್ರ ಒತ್ತುವುದು, ಇನ್ನೊಬ್ಬ ಹೃದಯದ ಚಿತ್ರ ಒತ್ತುವುದು. ನೇಯುವವಳ ಸೊಂಟ ಹೇಗಿದೆ ಎಂದು ಕೇಳಿದವರು ಒಬ್ಬರಿಲ್ಲ. ಬೆಂಗಳೂರಿನ ಒಬ್ಬಾಕೆಯಂತೂ ಮಗ್ಗದ ಸದ್ದು ಕೇಳಿದರೆ ತನಗೆ ಹಾಯಾಗಿ ನಿದ್ದೆ ಬರುತ್ತದೆ ಎಂದು ಬರೆದಿದ್ದಳು. ಆ ಸದ್ದಿಗೆ ನಿದ್ದೆ ಕಳೆದುಕೊಂಡು ನನಗೆ ಹತ್ತೊಂಬತ್ತು ವರ್ಷ.

ಆದರೆ ಈಗ ಆ ಖಾತೆ ಬೇಕಿತ್ತು. ಇಂಚರ ಪಿಯುಸಿ ಮುಗಿಸಿ ಮೈಸೂರಿನ ಒಂದು ಕಾಲೇಜಿಗೆ, ಬಟ್ಟೆ ವಿನ್ಯಾಸದ ಕೋರ್ಸಿಗೆ ಅರ್ಜಿ ಹಾಕಿದ್ದಳು. ಸೋಮವಾರ ಬೆಳಿಗ್ಗೆ ಸಂದರ್ಶನ. "ನಿಮ್ಮ ಕೆಲಸ ನೋಡಲು ಲಿಂಕ್ ಕೊಡಿ" ಎಂಬಲ್ಲಿ ಅವಳು ಕೊಟ್ಟಿದ್ದದ್ದು ಇದೊಂದನ್ನೇ. ಫೋನಿನಲ್ಲಿ ಜಾಗ ಸಾಲದೆ ವಿಡಿಯೋ ಹಾಕಿದ ಕೂಡಲೇ ಫೋನಿನಿಂದ ಅಳಿಸಿಬಿಡುತ್ತಿದ್ದಳು. ಕಿತ್ತ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದು, ಸೆರಗಿಗೆ ಬಣ್ಣ ಬದಲಾಗುವ ಗಳಿಗೆ, ಜರಿಯ ಅಂಚು ಒಂದೊಂದೇ ಸಾಲು ಏಳುವುದು, ಎಲ್ಲ ಅಲ್ಲೇ ಇತ್ತು, ಒಟ್ಟು ನಲವತ್ತೊಂದು ವಿಡಿಯೋ. ಅರ್ಜಿ ತಿದ್ದಲು ಭಾನುವಾರ ಸಂಜೆ ಆರರವರೆಗೆ ಅವಕಾಶ. ಲಿಂಕ್ ತೆರೆಯದಿದ್ದರೆ ಸಂದರ್ಶನವಿಲ್ಲ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು.

"ಮೇಲ್ಮನವಿ ಮಾಡ್ಬೌದು ಅಮ್ಮ, ಒಂದೇ ಸಲ" ಎಂದಳು. ಒತ್ತಿದಾಗ ಆ ಆಪ್ ಒಂದು ಪ್ರಶ್ನೆ ಕೇಳಿತು. "ವಿಡಿಯೋದಲ್ಲಿ ಕಾಣುವ ವಸ್ತುಗಳು ನಿಮ್ಮ ಸ್ವಂತದ್ದೇ? ಹೌದು. ಇಲ್ಲ."

ಕೊಳ್ಳೇಗಾಲದಲ್ಲಿ ನಮ್ಮಂಥ ಕೂಲಿ ನೇಕಾರರ ಮನೆಯ ಕಟ್ಟಳೆ ಇಷ್ಟೇ. ರೇಷ್ಮೆ ಸಾವ್ಕಾರರದು, ಜರಿ ಸಾವ್ಕಾರರದು, ನಮೂನೆ ಅವರದು, ನೇಯ್ದಿಳಿಸಿದ ಸೀರೆಯೂ ಅವರದು. ಮಗ್ಗ ಮತ್ತು ಮೈ ನಮ್ಮದು. ನಾನು ಮದುವೆಯಾಗಿ ಬಂದ ವಾರದಲ್ಲೇ, ನೋಡಲು ಬಂದವರಿಗೆ "ನಮ್ಮ ಸೀರೆ" ಎಂದುಬಿಟ್ಟೆನೆಂದು ನಮ್ಮತ್ತೆ ಮೂರು ದಿನ ಮಾತು ಬಿಟ್ಟಿದ್ದರು. ಅಂದಿನಿಂದ ಮಗ್ಗದ ಮೇಲಿನ ಯಾವ ಸೀರೆಯನ್ನೂ ನಮ್ಮದು ಎಂದವಳಲ್ಲ.

"ಇಲ್ಲ ಅಂತ ಒತ್ತು" ಎಂದೆ.

"ಅಮ್ಮ, ಅದು ಆ ಅರ್ಥದಲ್ಲಿ ಕೇಳ್ತಾ ಇರೋದೋ ಇಲ್ವೋ..."

"ಯಾವ ಅರ್ಥದಲ್ಲಾದ್ರೂ ಕೇಳ್ಲಿ. ಸುಳ್ಳು ಬರ್ದು ಸೀಟು ತಕಬೇಡ. ಸೀರೆ ಸಾವ್ಕಾರ್ರುದು. ಒತ್ತು."

ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. "ನಿಮ್ಮ ಪ್ರಾಮಾಣಿಕ ಪ್ರತಿಕ್ರಿಯೆಗೆ ಧನ್ಯವಾದಗಳು. ಈ ನಿರ್ಧಾರ ಅಂತಿಮವಾಗಿದೆ."

ಇಂಚರ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪರದೆಯನ್ನು ಕೆಳಗೆ ಸರಿಸಿದಳು. ಅಲ್ಲಿ ದೂರು ಕೊಟ್ಟವರ ಹೆಸರಿತ್ತು. ನಮ್ಮ ಸಾವ್ಕಾರ್ ಗುರುಪಾದಸ್ವಾಮಿಯವರ ಸೀರೆ ಅಂಗಡಿ.

ಅಂಗಡಿಯ ಪೇಜು ತೆರೆದು ನೋಡಿದರೆ ನಲವತ್ತೊಂದು ವಿಡಿಯೋಗಳೂ ಸಾಲಾಗಿ ಕೂತಿವೆ. ಮಗ್ಗದ ಸದ್ದು ತೆಗೆದು ಕೊಳಲು ಹಾಕಿದ್ದಾರೆ. ಮೂಲೆಯಲ್ಲಿ ಅಂಗಡಿಯ ಮುದ್ರೆ, ಕೆಳಗೆ "ನಮ್ಮ ಪರಂಪರೆ, ನಮ್ಮ ಹೆಮ್ಮೆ". ಲಾಳಿ ಎಸೆಯುವ ಕೈ ನನ್ನದು, ಬೆರಳಲ್ಲಿ ಸುಟ್ಟ ಗಾಯದ ಕಲೆ ಸಮೇತ. ಇಂಚರಳ ಖಾತೆಯಿಂದ ಎತ್ತಿಕೊಂಡು ಹೋದವರೇ, ನಾವು ಎತ್ತಿಕೊಂಡೆವು ಎಂದು ದೂರು ಕೊಟ್ಟಿದ್ದರು. ಆ ದೊಡ್ಡ ಕಂಪನಿಯ ಬುದ್ಧಿವಂತ ಯಂತ್ರ, ಯಾವುದು ಮೊದಲು ಬಂತು ಎಂದು ತಾರೀಕು ನೋಡುವಷ್ಟೂ ಕಷ್ಟ ತೆಗೆದುಕೊಂಡಿರಲಿಲ್ಲ.

ನನ್ನ ಗಂಡ ಶಾಂತರಾಜು ಊಟಕ್ಕೆ ಕೂತು ಎಲ್ಲ ಕೇಳಿಸಿಕೊಂಡರು. ತಂತ್ರಜ್ಞಾನದ ಬಗ್ಗೆ ಅವರದು ಒಂದೇ ಅಭಿಪ್ರಾಯ. "ಆ ಫೋನ್ ಬುಟ್ಟಾಕಿ ಅಂತ ಎಷ್ಟು ಸಲ ಬಡ್ಕೊಂಡೆ." ಇದನ್ನು ಹೇಳುವಾಗ ಎಡಗೈಯಲ್ಲಿ ಹಿಡಿದಿದ್ದದ್ದು ತಮ್ಮ ಫೋನು. ಅದರಲ್ಲಿ ಯಾರೋ ಹಾವು ಹಿಡಿಯುತ್ತಿದ್ದ.

"ಯಳಂದೂರಿನ ರಂಗನಾಯಕನ್ನ ಕಾಣು" ಎಂದು ಸೇರಿಸಿದರು. "ಅವ್ನದು ಚಾನೆಲ್ ಅದೆ. ಒಂದು ಸುದ್ದಿ ಬುಟ್ರೆ ಸಾವ್ಕಾರ್ರು ಇಳಿದು ಬತ್ತಾರೆ."

ರಂಗನಾಯಕ ಇವರ ಜೊತೆ ಓದಿದವನು. ಯಳಂದೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿ ಕೋಣೆ, ಹಸಿರು ಪರದೆ, ಮೇಜು, ಕೆಂಪು ಮೈಕು. ಶುಕ್ರವಾರ ಮಗ್ಗ ಬಿಟ್ಟು ಬಸ್ಸು ಹತ್ತಿ ನಾನೂ ಇಂಚರಳೂ ಹೋದಾಗ ಅವನು ಕ್ಯಾಮೆರಾದ ಮುಂದೆ ಕೈ ಎತ್ತಿ ಗುಡುಗುತ್ತಿದ್ದ. ಮಾಧ್ಯಮದ ಬಾಯಿ ಮುಚ್ಚಿಸುತ್ತಿದ್ದಾರೆ, ಸತ್ಯ ಹೇಳಿದವರ ವಿಡಿಯೋ ಕಿತ್ತು ಹಾಕುತ್ತಿದ್ದಾರೆ, ಈ ಮೈಕ್ ಮಾತ್ರ ಯಾರಿಗೂ ಬಗ್ಗುವುದಿಲ್ಲ. ಮುಗಿಸಿ ಬೆವರು ಒರೆಸಿಕೊಂಡು ನಮ್ಮೆದುರು ಕೂತ.

"ಯೋಳಿ ಅಕ್ಕ. ಯಾರು ನಿಮ್ಮ ದನಿ ಅಡಗ್ಸಿರೋದು? ಇವತ್ತೇ ಬುಡ್ತೀನಿ. ಸರ್ಕಾರನಾ?"

"ಸರ್ಕಾರಕ್ಕೆ ನಮ್ಮ ದನಿ ಇರೋದೇ ಗೊತ್ತಿಲ್ಲ ಕಣಪ್ಪ. ಗುರುಪಾದಸ್ವಾಮಿಗಳು."

ಅವನ ಮುಖದಲ್ಲಿದ್ದ ಕ್ರಾಂತಿ ಸರ್ರನೆ ಇಳಿಯಿತು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ, ಚಾನೆಲ್ಲಿನ ಹೆಸರಿಗಿಂತ ದೊಡ್ಡದಾಗಿ, ಸಾವ್ಕಾರರ ಅಂಗಡಿಯ ಜಾಹೀರಾತು ಬೋರ್ಡಿತ್ತು. ನಾನು ಆಗ ಗಮನಿಸಿದೆ.

"ನೋಡಿ ಅಕ್ಕ, ಇದು ಸ್ವಲ್ಪ ಸೂಕ್ಷ್ಮ. ಕೋರ್ಟು, ಕಾನೂನು, ಕಾಪಿರೈಟು... ಮಾಧ್ಯಮದೋರು ನಾವು ಎರಡೂ ಕಡೆ ನೋಡ್ಬೇಕಾಯ್ತದೆ."

"ನೋಡಪ್ಪ. ಒಂದು ಕಡೆ ನಾವು ಕೂತಿದೀವಿ. ಇನ್ನೊಂದು ಕಡೆ ನಿನ್ನ ಗೋಡೆ ಮೇಲೆ ಅದೆ."

"ಅಂಕಲ್," ಇಂಚರ ಕೇಳಿದಳು, "ಈಗ ತಾನೆ ಯಾರಿಗೂ ಬಗ್ಗಲ್ಲ ಅಂದ್ರಲ್ಲ, ಅದು ಲೈವಾ, ರೆಕಾರ್ಡಿಂಗಾ?"

ಅವನು ಟೀ ತರಿಸಿದ. ಇಂಥವರು ಕೈಲಾಗದಿದ್ದಾಗ ಟೀ ತರಿಸುತ್ತಾರೆ. ನಾವು ಕುಡಿಯದೆ ಎದ್ದೆವು.

ಶನಿವಾರ ನೇರ ಅಂಗಡಿಗೇ ಹೋದೆ. ಗುರುಪಾದಸ್ವಾಮಿಯವರು ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತು, ಫೋನನ್ನು ತೋಳುದ್ದ ಹಿಡಿದು ಏನೋ ಕೇಳಿಸಿಕೊಳ್ಳುತ್ತಿದ್ದರು. ಮೊಬೈಲು ನೋಡಿ ಹಾಳಾದ ಇಂದಿನ ಮಕ್ಕಳ ಬಗ್ಗೆ ಯಾರದೋ ಭಾಷಣ. ಮುಗಿಯುವವರೆಗೆ ನಾನು ನಿಂತಿರಬೇಕಾಯಿತು.

"ಕೇಳ್ದಾ ಮಾಲಿನಿ? ಎಂಥ ಮಾತು! ಎಲ್ಲರಿಗೂ ಕಳಿಸ್ದೆ."

ನಾನು ವಿಷಯ ಹೇಳಿದೆ. ಅವರಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ತಪ್ಪು ಗೊತ್ತಿದೆ ಎಂದಾದರೂ ಅಂದುಕೊಳ್ಳುತ್ತಿದ್ದೆ. ನಿಜಕ್ಕೂ ಆಶ್ಚರ್ಯಪಟ್ಟರು.

"ಅಲ್ಲ ಕಣಮ್ಮ, ರೇಷ್ಮೆ ಯಾರ್ದು?"

"ನಿಮ್ದು."

"ಜರಿ?"

"ನಿಮ್ದೇ."

"ಸೀರೆ? ಮತ್ತೆ ನನ್ನ ಸೀರೆ ವಿಡಿಯೋ ನಂದಲ್ದೆ ಇನ್ಯಾರ್ದಮ್ಮ? ಮೈಸೂರಿನ ಏಜೆನ್ಸಿಯೋರಿಗೆ ಪೇಜು ಕೊಟ್ಟಿದೀನಿ. ಅವ್ರು ಕೇಳುದ್ರು, ಈ ಹುಡ್ಗಿ ನಿಮ್ಮ ಮಾಲು ತೋರುಸ್ತಾ ಅವ್ಳಲ್ಲ ಅಂತ. ನಂದೇ ಮಾಲು, ಕಂಪ್ಲೇಂಟ್ ಕೊಡಿ ಅಂದೆ. ತಪ್ಪೇನದೆ?"

"ತೆಗ್ದೋಳು ನನ್ನ ಮಗಳು ಸಾವ್ಕಾರ್ರೇ. ಸೋಮವಾರ ಅವ್ಳ ಸಂದರ್ಶನ. ದೂರು ವಾಪಸ್ ತಕಳಿ."

"ಹೆಣ್ಣುಡ್ಗಿಗೆ ಇಂಟರ್ನೆಟ್ಟಲ್ಲಿ ಮುಖ ತೋರ್ಸೋ ಉಸಾಬರಿ ಯಾಕೆ? ಮುಚ್ಚೋಗಿದ್ದು ಒಳ್ಳೇದೇ ಆಯ್ತು ಅನ್ಕೋ."

"ಮುಖ ಒಂದರಲ್ಲೂ ಇಲ್ಲ. ನನ್ನ ಕೈ ಅದೆ. ಅದು ಈಗ ನಿಮ್ಮ ಪೇಜಲ್ಲಿ ಅದೆ."

"ಓಗ್ಲಿ ಬುಡು" ಎಂದು ನಕ್ಕರು. "ಅದು ಸರಿ, ಕಾಮಗೆರೆಯೋರ ಮದ್ವೆ ಸೀರೆ ಎಲ್ಲಿಗ್ ಬಂತು? ಮಂಗಳವಾರ ಮುಹೂರ್ತ. ಸೋಮವಾರ ಬೆಳಿಗ್ಗೆ ಕೈ ಸೇರ್ಬೇಕು."

ಮನೆಗೆ ಬಂದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಶಾಂತರಾಜು ಕೂತಿದ್ದರು. ಆ ಮದುವೆ ಸೀರೆಯ ಮೈ ಮುಗಿದು ಸೆರಗು ಅರ್ಧಕ್ಕೆ ಬಂದಿತ್ತು. ಇನ್ನೊಂದು ದಿನದ ಕೆಲಸ.

"ಎದ್ದೇಳಿ" ಎಂದೆ.

"ಯಾಕೆ, ಊಟನಾ?"

"ಮಗ್ಗ ನಿಲ್ಸಿ."

ಅವರು ಲಾಳಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ದೊಡ್ಡೋರ ಸಾವಾಸ ಕಣೇ. ನಾಳೆ ಪಾವು ಕೊಟ್ಟಾರಾ ನಮ್ಗೆ?" ಪಾವು ಎಂದರೆ ಮುಂದಿನ ಸೀರೆಗಳಿಗೆ ಕೊಡುವ ಹಾಸು ರೇಷ್ಮೆ. ಅದು ಬರದಿದ್ದರೆ ಮಗ್ಗ ಖಾಲಿ, ನಾವೂ ಖಾಲಿ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹೇಳಿದೆ. ಅವರು ಲಾಳಿಯನ್ನು ಪಕ್ಕಕ್ಕಿಟ್ಟು ಕಾಲು ಮೇಲೆತ್ತಿಕೊಂಡರು. ಆ ಗಂಡಸಿನ ಮೇಲೆ ನನಗಿರುವ ದೂರುಗಳು ಬಹಳ. ಆದರೆ ಅವತ್ತು ಎರಡನೇ ಮಾತಾಡಲಿಲ್ಲ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಸಾವ್ಕಾರರ ಕಾರು ನಮ್ಮ ಬೀದಿಗೆ ಬಂತು. ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಸುದ್ದಿ ಅಂಗಡಿ ಮುಟ್ಟಲು ಯಾವ ಆಪೂ ಬೇಡ. ಒಳಗೆ ಬಂದು ಅರ್ಧ ಸೆರಗು ನೋಡುತ್ತಲೇ ಅವರ ಮುಖ ಬಾಡಿತು.

"ಏನಮ್ಮ ಇದು! ನನ್ನ ಸೀರೆ!"

"ನಿಮ್ದೇ ಸಾವ್ಕಾರ್ರೇ, ಯಾರಿಲ್ಲ ಅಂದ್ರು? ತಕಂಡೋಗಿ. ಅರ್ಧ ಸೆರಗಿಗೇ ಕತ್ರುಸ್ಕೊಡ್ಲಾ?"

ಮಗ್ಗದ ಮೇಲಿನ ಸೀರೆಯನ್ನು ಮಧ್ಯದಲ್ಲಿ ಇಳಿಸಿ ಇನ್ನೊಂದು ಮಗ್ಗಕ್ಕೆ ಏರಿಸಲು ಬರುವುದಿಲ್ಲ. ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಕೂಡಿಸಬೇಕು. ಅದು ಅವರಿಗೂ ಗೊತ್ತು.

"ಈಗೇನಾಗ್ಬೇಕು? ಕಂಪ್ಲೇಂಟ್ ವಾಪಸ್ ತಾನೆ? ಏಜೆನ್ಸಿಯೋರಿಗೆ ಯೋಳ್ತೀನಿ, ಆಯ್ತಾ?"

"ವಾಪಸ್ ತಕಂಡ್ರೂ ಪರಿಶೀಲನೆಗೆ ಮೂವತ್ತು ದಿನ ಅಂತ ಬರ್ದದೆ" ಎಂದಳು ಇಂಚರ. "ನಂಗಿರೋದು ನಾಲ್ಕು ಗಂಟೆ." ಆಮೇಲೆ, ಅದನ್ನು ಹೇಳಲು ಅವಳಿಗೆ ಎಷ್ಟು ಕಹಿಯಾಯಿತೆಂದು ನನಗೊಬ್ಬಳಿಗೇ ತಿಳಿಯುವಂತೆ, ಹೇಳಿದಳು. "ನನ್ನ ವಿಡಿಯೋ ಉಳ್ದಿರೋದು ನಿಮ್ಮ ಪೇಜಲ್ಲಿ ಮಾತ್ರ. ಆ ಲಿಂಕೇ ಕೊಡ್ತೀನಿ. ಪ್ರತಿಯೊಂದರ ಮೇಲೂ ನನ್ನ ಹೆಸರು ಹಾಕಿ. ಚಿತ್ರೀಕರಣ, ಸಂಕಲನ, ಇಂಚರ. ನೇಯ್ಗೆ, ಮಾಲಿನಿ ಮತ್ತು ಶಾಂತರಾಜು."

"ನಲವತ್ತೊಂದಕ್ಕೂ?"

"ನಲವತ್ತೊಂದು ಎತ್ಕಂಡ್ರಲ್ಲ" ಎಂದೆ.

ಅವರು ಫೋನನ್ನು ಅವಳ ಕಡೆ ಚಾಚಿದರು. "ತಕೊಮ್ಮ, ನೀನೇ ಹಾಕು. ನಂಗವೆಲ್ಲ ಬರಲ್ಲ."

"ನೀವೇ ಹಾಕಿ" ಎಂದೆ. "ಅವ್ಳು ಆಗ್ಲೇ ಒಂದ್ಸಲ ಹಾಕವ್ಳೆ."

ಪರಂಪರೆಯ ಹೆಮ್ಮೆಯವರು ನಮ್ಮ ಜಗಲಿಯ ಮೇಲೆ ಕನ್ನಡಕ ಏರಿಸಿಕೊಂಡು ಕೂತರು. ಒಂದು ಹೆಸರು ಹಾಕಲು ಎಲ್ಲಿ ಒತ್ತಬೇಕೆಂದೂ ಗೊತ್ತಿಲ್ಲದ ಮನುಷ್ಯ ಅವರು. ಅವರ ಒಂದು ಮಾತಿಗೆ ನನ್ನ ಮಗಳ ಒಂದೂವರೆ ವರ್ಷ ಅಳಿಸಿಹೋಗಿತ್ತು. ಇಂಚರ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. "ಮೂರು ಚುಕ್ಕಿ ಒತ್ತಿ. ಅದಲ್ಲ. ಮೇಲಿನದು. ಈಗ ತಿದ್ದು ಅಂತ ಅದೆಯಲ್ಲ, ಅದು." ಹತ್ತನೆಯದರ ಹೊತ್ತಿಗೆ ಅವರಿಗೆ ಬೆವರು. ಹದಿನೇಳನೆಯದನ್ನು ಅಳಿಸಿಯೇಬಿಟ್ಟರು. ಎಳೆ ಕೂಡಿಸುವ ವಿಡಿಯೋ ಅದು, ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇಂಚರ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. "ಮುಂದಿನದು" ಎಂದಳು.

ಐದೂಮುಕ್ಕಾಲಿಗೆ ಲಿಂಕ್ ತಿದ್ದಿದ್ದಾಯಿತು. ನಾನು ಗುಂಡಿಗಿಳಿದು ರಾತ್ರಿಯೆಲ್ಲ ನೇಯ್ದೆ. ಸೋಮವಾರ ಬೆಳಿಗ್ಗೆ ಸೀರೆ ಅವರ ಕೈ ಸೇರಿತು, ಹೇಳಿದ ಹೊತ್ತಿಗೆ.

ಸಂದರ್ಶನದಲ್ಲಿ ಮೂವರು ಮೇಡಮ್ಮುಗಳು ವಿಡಿಯೋ ನೋಡಿ, ಕೊಳಲು ಯಾಕೆ ಹಾಕಿದೆ ಎಂದು ಕೇಳಿದರಂತೆ. ನಾನು ಹಾಕಿದ್ದಲ್ಲ ಎಂದಳಂತೆ. ಮತ್ತೆ ಈ ಗುರುಪಾದಸ್ವಾಮಿ ನಿನಗೆ ಏನಾಗಬೇಕು ಎಂದರಂತೆ.

"ಏನೂ ಆಗ್ಬೇಕಿಲ್ಲ ಮೇಡಂ ಅಂದೆ" ಎಂದಳು, ಬಸ್ಸಿಳಿದು ಚಪ್ಪಲಿ ಬಿಡುತ್ತಾ.

ಗುರುವಾರ ಬಂದ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿತ್ತು. ಶುಕ್ರವಾರ ರಂಗನಾಯಕನ ಚಾನೆಲ್ಲಿನಲ್ಲಿ ಸುದ್ದಿ ಬಂತು. ಸಾವ್ಕಾರ್ ಗುರುಪಾದಸ್ವಾಮಿಯವರ ಪ್ರೋತ್ಸಾಹದಿಂದ ನೇಕಾರರ ಮಗಳಿಗೆ ಸೀಟು. ಸಾವ್ಕಾರರ ಭಾವಚಿತ್ರ ಪರದೆಯ ತುಂಬ, ಇಂಚರಳ ಹೆಸರು ಕೆಳಗೆ ಓಡುವ ಸಾಲಿನಲ್ಲಿ, ಅದೂ ಚಿನ್ನದ ದರದ ಹಿಂದೆ. ಶಾಂತರಾಜು ಫೋನಿನಲ್ಲಿ ನೋಡಿ, "ಇವ್ನ ಮನೆ ಹಾಳಾಗ!" ಎಂದರು. ನಾನು ಇಂಚರಳಿಂದ ಫೋನು ಇಸಕೊಂಡು ಆ ಸುದ್ದಿಯ ಕೆಳಗೆ ಬರೆದೆ. ಸಾವ್ಕಾರರ ಪ್ರೋತ್ಸಾಹ ಭಾನುವಾರ ನಾಲ್ಕು ಗಂಟೆ ಹೊತ್ತು ನಡೆಯಿತು, ನಮ್ಮ ಜಗಲಿಯ ಮೇಲೆ, ಮಗ್ಗ ನಿಂತಿದ್ದಾಗ.

ಎರಡು ನಿಮಿಷಕ್ಕೆ ಅದು ಮಾಯ.

"ಅಳಿಸ್ಬುಟ್ರು ಅಮ್ಮ. ನನ್ನ ಬ್ಲಾಕೂ ಮಾಡವ್ರೆ."

"ನಿಮ್ಮಪ್ಪನ ಫೋನ್ ಕೊಡು" ಎಂದೆ.