ನಗುವ ಮುಖ ಒತ್ತಿದರೆ

"ಒಂದು ಮುಖಾ ಒತ್ರಿ ಅಜ್ಜಾರ, ಅಂದ್ರ ಚೀಟಿ ಬರತೈತಿ," ಎಂದಳು ಕೌಂಟರಿನ ಸ್ನೇಹಲ್.

ಆಸ್ಪತ್ರೆಯ ಸೇವೆ ಹೇಗಿತ್ತೆಂದು ಕೇಳುವ ಯಂತ್ರದ ಗಾಜಿನ ಪರದೆಯ ಮೇಲೆ ಮೂರು ಮುಖಗಳಿದ್ದವು. ಒಂದು ನಗುತ್ತಿತ್ತು, ಒಂದು ಸುಮ್ಮನಿತ್ತು, ಒಂದು ಅಳುತ್ತಿತ್ತು. ಚೀಟಿ ತೋರಿಸದೆ ಬೈಲಹೊಂಗಲದ ಆ ಆಸ್ಪತ್ರೆಯ ಗೇಟಿನಿಂದ ಹೆಣ ಹೊರಗೆ ಬಿಡುತ್ತಿರಲಿಲ್ಲ. ಮಡಿವಾಳೆಪ್ಪನ ಹೆಂಡತಿ ಸಾವಿತ್ರೆವ್ವ ತೀರಿಕೊಂಡು ನಾಲ್ಕು ತಾಸಾಗಿತ್ತು.

ಅಣ್ಣನ ಮಗ ವಿರೂಪಾಕ್ಷ ಓಡಿಬಂದ. "ಕಾಕಾ, ಲಗೂ ಬರ್ರಿ. ಚಿಗವ್ವನ ಕುತಿಗಿ ಆಗಲೇ ಬಿಗದೈತಿ. ಸಂಗೊಳ್ಳಿ ಮುಟ್ಟೂದ್ರಾಗ ಕಾಲೂ ಸೆಟದ್ರ ಕುಂದ್ರಸಾಕ ಬರೂದಿಲ್ಲ."

ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಕೊಡಬೇಕು. ಇದೇ ವಿರೂಪಾಕ್ಷನ ತಂದೆಯ ಹೆಣ ತಡವಾಗಿ ಊರು ಮುಟ್ಟಿತ್ತು. ನಾಲ್ವರು ಅದುಮಿ ಕುಳ್ಳಿರಿಸುವಾಗ ಮೊಣಕಾಲಿನಿಂದ ಬಂದ ಸದ್ದು ಮಡಿವಾಳೆಪ್ಪನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅವನು ಅಳುವ ಮುಖ ಒತ್ತಿದ.

"ನಿಮ್ಮ ನೋವು ನಮಗೆ ಅರ್ಥವಾಗುತ್ತದೆ," ಎಂದಿತು ಯಂತ್ರ, ಹೆಣ್ಣಿನ ಮೆತ್ತನೆಯ ದನಿಯಲ್ಲಿ. ಬೇಸರಕ್ಕೆ ಕಾರಣ ಕೇಳಿತು. ನೀರು, ಹಾಸಿಗೆ, ಊಟ, ಸಿಬ್ಬಂದಿಯ ಮಾತು. ಸಾವು ಅದರಲ್ಲಿರಲಿಲ್ಲ. ತಿಳಿಯದೆ ಊಟವನ್ನು ಒತ್ತಿದ. ಯಾವ ಹೊತ್ತಿನ ಊಟ ಎಂದಿತು.

"ನಾಕ ದಿನಾ ಆಕಿ ಒಂದ ಗುಟಕ ನೀರ ಇಳಿಸಿಲ್ಲವಾ ತಂಗಿ. ಯಾವ ಊಟಾ ಅಂತ ಹೇಳ್ಲಿ ಇದಕ?"

"ಅಳೂ ಮುಖಕ್ಕ ಹದಿನಾಕ ಪ್ರಶ್ನಿ ಅದಾವ್ರಿ. ಆಮ್ಯಾಲ ಮ್ಯಾನೇಜರ್ ಬಂದು ಸಮಾಧಾನ ಹೇಳಬೇಕು. ಅವರು ಊಟಕ್ಕ ಹೋಗ್ಯಾರ." ಸ್ನೇಹಲ್ ದನಿ ತಗ್ಗಿಸಿದಳು. "ನಗೂದು ಒತ್ತಿದ್ರ ಕೂಡ್ಲೇ ಬರತೈತ್ರಿ. ಮಂದಿ ಖುಷಿಲೆ ಹೋಗ್ಲಿ ಅಂತ ಹಂಗ ಮಾಡ್ಯಾರ."

"ಮಾಡಿದಾಂವನ ಮನ್ಯಾಗ ಯಾರೂ ಸತ್ತಿಲ್ಲೇನವಾ?"

"ನನಗೇನ ಗೊತ್ರಿ. ನೀವ ಒತ್ರಿ ಅಜ್ಜಾರ. ನಾ ಒತ್ತಿದ್ರ ನನ್ನ ನೌಕರಿ ಹೊಕ್ಕೈತಿ."

"ಕಾಕಾ!" ಎಂದ ವಿರೂಪಾಕ್ಷ.

ಅಷ್ಟರಲ್ಲಿ ಪರದೆಯ ಮೇಲೆ ಮೂರು ಮುಖ ಮರಳಿ ಬಂದಿದ್ದವು. ಮಡಿವಾಳೆಪ್ಪ ಶಿವನನ್ನು ನೆನೆದು, ತೋರುಬೆರಳಿನಿಂದ ನಗುವ ಮುಖ ಒತ್ತಿದ. ಪರದೆಯ ತುಂಬ ಹೂವು ಉದುರಿದವು. ಚಪ್ಪಾಳೆ ಕೇಳಿಸಿತು. "ನಿಮ್ಮ ಸಂತೋಷವೇ ನಮ್ಮ ಸಂತೋಷ," ಎಂದಿತು ಅದೇ ದನಿ. ಬೆಂಚಿನ ಮೇಲಿದ್ದವರು ತಿರುಗಿ ಅವನ ಮುಖ ನೋಡಿದರು. ಚೀಟಿ ಬಂತು.

ಸಂಗೊಳ್ಳಿಯ ಮನೆಯಲ್ಲಿ ಸಾವಿತ್ರೆವ್ವನ ಮೊಣಕಾಲು ಸದ್ದಿಲ್ಲದೆ ಮಡಚಿಕೊಂಡವು. ಪಡಸಾಲೆಯ ಗೋಡೆಗೆ ಒರಗಿಸಿ ಕುಳ್ಳಿರಿಸಿದರು. ಹಣೆಗೆ ವಿಭೂತಿ ಹಚ್ಚಲು ಮಡಿವಾಳೆಪ್ಪನನ್ನು ಕರೆದರು. ದಿನಾಲೂ ಮೂರು ಬೆರಳಿನಿಂದ ತನ್ನ ಹಣೆಗೆ ಹಚ್ಚಿಕೊಂಡು ರೂಢಿಯಾದ ಕೈ. ಅವನು ಬಾಗಿ, ಮೆಲ್ಲಗೆ ಎಳೆದ.

"ಕಾಕಾ, ಎರಡ ಗೆರಿ ಆಗ್ಯಾವಲ್ರಿ," ಎಂದ ವಿರೂಪಾಕ್ಷ.

ಮಡಿವಾಳೆಪ್ಪನ ತೋರುಬೆರಳು ಅಂಗೈಯೊಳಗೆ ಮಡಚಿಯೇ ಇತ್ತು.