ಅಚ್ಚು ಒಂದೇ, ಅಂಕಿ ಎರಡು

ಅಪ್ಪಾಸಾಬ ಚೌಗಲಾ ಅವರ ಕೈಗೆ ಏನನ್ನೇ ಕೊಡಿ, ಅವರು ಮೊದಲು ಅದನ್ನು ಬೋರಲು ಮಾಡಿ ಅಡಿಯನ್ನು ನೋಡುತ್ತಿದ್ದರು. ಹಿತ್ತಾಳೆಯ ತಂಬಿಗೆಯಾಗಲಿ, ನೆರೆಮನೆಯ ಕೂಸಿನ ಚಪ್ಪಲಿಯಾಗಲಿ, ಬಸದಿಗೆ ಯಾರೋ ದಾನವಾಗಿ ಕೊಟ್ಟ ಗೋಡೆ ಗಡಿಯಾರವಾಗಲಿ, ವಸ್ತುವಿನ ಮುಖಕ್ಕಿಂತ ಅದರ ಪಾದವೇ ಅವರಿಗೆ ಹೆಚ್ಚು ವಿಶ್ವಾಸಾರ್ಹವಾಗಿತ್ತು. ತೇರದಾಳಕ್ಕೆ ಮದುವೆಯಾಗಿ ಹೋಗಿದ್ದ ತಂಗಿ ಹೀರಾ, ಅಣ್ಣನಿಗೆ ವಯಸ್ಸು ಮೀರುವ ಮುನ್ನ ಒಂದು ಮನೆಗೆ ಹೆಣ್ಣು ನೋಡಲು ಕರೆದೊಯ್ದಿದ್ದಳು. ಹುಡುಗಿ ತಂದುಕೊಟ್ಟ ಚಹಾದ ಕಪ್ಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇವರು ಬಶಿಯನ್ನು ತಿರುವಿದರು. ಬಶಿಯೊಳಗೆ ತುಳುಕಿದ್ದ ಚಹಾ ಧೋತರದ ಮೇಲೆ ಇಳಿಯಿತು. ‘ನಾಳೆ ನನ್ನ ಅಂಗಾಲನ್ನೂ ನೋಡತಾರೇನು?’ ಎಂದು ಹುಡುಗಿ ಒಳಗೆ ಹೋಗಿ ಕೇಳಿದಳಂತೆ. ಆ ಮಾತು ತೇರದಾಳದಿಂದ ಬನಹಟ್ಟಿಗೆ ಇವರಿಗಿಂತ ಮೊದಲೇ ಬಂದು ತಲುಪಿತ್ತು. ಅನಂತರ ಹೀರಾ ಮತ್ತೆ ಯಾವ ಮನೆಯ ಮೆಟ್ಟಿಲನ್ನೂ ಹತ್ತಿಸಲಿಲ್ಲ.

ಆ ಚಾಳಿ ಅವರಿಗೆ ಕಸುಬಿನಿಂದ ಬಂದದ್ದು. ಬನಹಟ್ಟಿಯ ಮಗ್ಗಗಳಿಗೆ ಸೀರೆಯ ದಡಿ, ಸೆರಗುಗಳ ಚಿತ್ತಾರವನ್ನು ಹೇಳಿಕೊಡುವ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುವುದು ಅವರ ಕೆಲಸ. ಒಂದು ಚಿತ್ತಾರಕ್ಕೆ ನೂರಾರು ಪಟ್ಟಿ. ಪ್ರತಿಯೊಂದರ ಹಿಂಬದಿಯಲ್ಲೂ ಅದರ ಕ್ರಮಾಂಕ. ಒಂದು ಹಿಂದುಮುಂದಾದರೂ ನವಿಲಿನ ಕೊರಳು ಅದರ ಕಾಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಬೂದುಬಣ್ಣದ, ಮೊಣಕೈಯಲ್ಲಿ ತೇಪೆಯಿದ್ದ ಒಂದು ಕೋಟನ್ನು ಬೇಸಿಗೆಯಲ್ಲೂ ಬಿಚ್ಚದೆ, ಬಲಭುಜವನ್ನು ತುಸು ಮುಂದಕ್ಕೆ ಬಾಗಿಸಿ, ಕಿಕ್ಕಿರಿದ ಸಂತೆಯಲ್ಲಿ ದಾರಿ ಬಿಡಿಸಿಕೊಳ್ಳುವವರಂತೆ ಅವರು ನಿರ್ಜನವಾದ ಓಣಿಯಲ್ಲೂ ನಡೆಯುತ್ತಿದ್ದರು. ಯಾರು ಏನೇ ಹೇಳಲಿ, ಅವರ ಉತ್ತರ ‘ಹಂಗಲ್ಲ’ ಎಂದೇ ಶುರುವಾಗುತ್ತಿತ್ತು. ‘ಇವತ್ತ ಬಿಸಲ ಭಾಳ ಐತಿ’ ಎಂದರೆ ‘ಹಂಗಲ್ಲ, ಭಾಳ ಐತಿ’ ಎನ್ನುತ್ತಿದ್ದರು.

ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷ, ರಟ್ಟು ಕೊಳ್ಳಲು ಮೀರಜಿಗೆ ಹೋಗಿದ್ದ ಅವರು ಸ್ಟೇಶನ್ನಿನ ಎದುರಿನ ಕೈಗಾಡಿಯೊಂದರಲ್ಲಿ ಗೇಣುದ್ದದ ತಗಡಿನ ರೋಬೋಟ್ ಗೊಂಬೆಯನ್ನು ಕಂಡರು. ಚೌಕಾಕಾರದ ಎದೆ, ಕಿವಿಯ ಜಾಗದಲ್ಲಿ ತಿರುಪು, ನಗುವುದಕ್ಕೂ ಅಳುವುದಕ್ಕೂ ಸಮಾನವಾಗಿ ಒದಗಬಲ್ಲ ಒಂದು ಗೆರೆಯ ಬಾಯಿ. ವಾಡಿಕೆಯಂತೆ ಅದನ್ನು ತಿರುವಿದಾಗ ಅಂಗಾಲಿನಲ್ಲಿ ‘17’ ಎಂದು ಇಂಗ್ಲಿಷ್ ಅಂಕಿಯಲ್ಲಿ ಒತ್ತಿತ್ತು. ಹದಿನೇಳು ಎಂದ ಮೇಲೆ ಹದಿನಾರು ಎಲ್ಲಿಯೋ ಇರಲೇಬೇಕು. ಬೇರೆ ಯಾರಾದರೂ ಆಟಿಕೆಯನ್ನು ಕಾಣುತ್ತಿದ್ದ ಜಾಗದಲ್ಲಿ ಅವರಿಗೆ ಕಂಡದ್ದು, ಒಡಹುಟ್ಟಿದವರಿಂದ ತಪ್ಪಿಸಿಕೊಂಡು ಬಂದ ಒಂದು ಅಂಕಿ. ಅದನ್ನು ನೂಲಿನ ಸಿಕ್ಕಿನಲ್ಲಿ ಸುತ್ತಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರು.

ಹಾಗೆ ಬಂದವು ಒಂದೊಂದಾಗಿ ಅವರ ಅಟ್ಟದ ಕೋಣೆಯ ಹಲಗೆಗಳನ್ನು ತುಂಬಿದವು. ಆ ಗೊಂಬೆಗಳ ಲೋಕದಲ್ಲಿ ಅಂಕಿಗಳ ಅರಾಜಕತೆಯೇ ಇತ್ತು. ಒಬ್ಬ ತಯಾರಕ ಪಾದಕ್ಕೆ ಅಂಕಿ ಒತ್ತಿದರೆ ಇನ್ನೊಬ್ಬ ಬೆನ್ನಿಗೆ. ಡಬ್ಬಿಯ ಮೇಲಿನದು ಒಂದು, ಗೊಂಬೆಯ ಮೇಲಿನದು ಮತ್ತೊಂದು. ನಕಲು ಮಾಡುವವರು ಅಸಲಿನ ಅಂಕಿಯನ್ನೂ ಕಣ್ಣುಮುಚ್ಚಿ ನಕಲು ಮಾಡುತ್ತಿದ್ದರು. ಅಪ್ಪಾಸಾಬರು ಇವಕ್ಕೆಲ್ಲ ತಮ್ಮದೇ ಆದ ಕ್ರಮವೊಂದನ್ನು ಕಟ್ಟಿದರು: ಮೊದಲು ತಯಾರಕನ ಗುರುತು, ಅದರ ಮುಂದೆ ಅಚ್ಚಿನ ಸಂಖ್ಯೆ. ರಟ್ಟಿನ ಚೂರಿನ ಮೇಲೆ ಅದನ್ನು ಬರೆದು ಗೊಂಬೆಯ ಕಾಲಬುಡದಲ್ಲಿ ಇಡುವರು. ಕೈಗೆ ಸಿಗದ ಗೊಂಬೆಗಳಿಗೂ ಚೂರುಗಳಿದ್ದವು. ಅವುಗಳ ಹಿಂದೆ ಖಾಲಿ ಜಾಗವಿತ್ತು. ಮೇಲೆ ಹತ್ತಿ ಬಂದ ಕೆಲವರು ಗೊಂಬೆಗಳನ್ನು ಮೆಚ್ಚಿದ್ದುಂಟು. ಖಾಲಿ ಜಾಗದಲ್ಲಿ ಏನಿರಬೇಕಿತ್ತು ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ.

ಕೇಳಿದವನು ಭೀಮಶಿ. ಮುಧೋಳದವನು, ಬಸ್ ಕಂಡಕ್ಟರ. ಬೀರೇಶ್ವರನ ಒಕ್ಕಲಾದ ಕುರಿಗಾರರ ಮನೆತನದವನು. ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ತನ್ನ ಸೀಟಿನ ಕಿಟಕಿಗೆ ಒಂದು ರೋಬೋಟ್ ಗೊಂಬೆಯನ್ನು ದಾರದಿಂದ ಕಟ್ಟಿದ್ದ. ಅಪ್ಪಾಸಾಬರು ಟಿಕೀಟು ಪಡೆಯುವುದನ್ನೂ ಮರೆತು ಅದರ ಕಾಲೆತ್ತಿ ನೋಡತೊಡಗಿದರು.

‘ಏನ ನೋಡಾಕತ್ತೀರಿ ಕಾಕಾರ? ಗಂಡೋ ಹೆಣ್ಣೋ ಅಂತೇನು?’

‘ಹಂಗಲ್ಲ. ನಂಬರ ನೋಡಾಕತ್ತೇನಿ. ಇದು ಇಪ್ಪತ್ತೆರಡು. ಇದರ ಜಾಗಾ ನಮ್ಮ ಮನ್ಯಾಗ ಖಾಲಿ ಐತಿ.’

‘ಖಾಲಿ ಜಾಗಾನೂ ಇಟ್ಟೀರೇನ್ರಿ?’ ಎಂದು ಭೀಮಶಿ ಅವರ ಪಕ್ಕದಲ್ಲೇ ಕುಳಿತುಬಿಟ್ಟ. ಲೋಕಾಪುರದಲ್ಲಿ ಇಳಿಯಬೇಕಾದವರು ಕೂಗಿಕೊಂಡ ಮೇಲೆಯೇ ಅವನು ಸೀಟಿ ಊದಿದ್ದು.

ಅಂದಿನಿಂದ ರಜೆಯಿದ್ದಾಗಲೆಲ್ಲ ಭೀಮಶಿ ಬನಹಟ್ಟಿಗೆ ಬರತೊಡಗಿದ. ಪುಣೆಯ ಕಡೆಗೆ ಪಾಳಿ ಬಿದ್ದಾಗ ಹಳೆಯ ಸಾಮಾನಿನ ಪೇಟೆ ಸುತ್ತಿ, ಒಂದು ಕೈ ಮುರಿದದ್ದು, ತಲೆ ನಜ್ಜಾದದ್ದು ಏನಾದರೊಂದು ತರುವನು. ಒಮ್ಮೊಮ್ಮೆ ಹೆಂಡತಿ ಸುಂದರವ್ವ ಕಟ್ಟಿಕೊಟ್ಟ ರೊಟ್ಟಿ, ನಂಜಿಕೊಳ್ಳಲು ಶೇಂಗಾದ ಹಿಂಡಿಯನ್ನೂ. ಅಪ್ಪಾಸಾಬರು ಜೈನರು, ಹೊತ್ತು ಮುಳುಗುವ ಮುನ್ನ ಊಟ ಮುಗಿಸುವವರು. ಅವನಿದ್ದ ದಿನ ಮಾತು ಮುಗಿಯದೆ ಸೂರ್ಯನೇ ಮುಗಿದು, ಉಪವಾಸವೇ ಮಲಗಿದ್ದೂ ಉಂಟು. ಆ ಉಪವಾಸದ ಮರುದಿನ ಅವರು ಓಣಿಯಲ್ಲಿ ತುಸು ನೆಟ್ಟಗೆ ನಡೆಯುತ್ತಿದ್ದರು ಎಂದು ನೋಡಿದವರು ಹೇಳುತ್ತಾರೆ.

ಕೆಲವು ವರ್ಷಗಳ ಮೇಲೆ ಭೀಮಶಿ ಒಂದೇ ಅಚ್ಚಿನ ಎರಡು ಗೊಂಬೆಗಳನ್ನು ತಂದ. ಒಂದು ಕೆಂಪು, ಒಂದು ಹಸಿರು. ಅಪ್ಪಾಸಾಬರು ಎರಡರ ಮುಂದೆ ಒಂದೇ ಚೂರನ್ನಿಟ್ಟರು.

‘ಇವಕ್ಕ ಎರಡ ನಂಬರ ಬೇಕರಿ,’ ಎಂದ ಭೀಮಶಿ.

‘ಹಂಗಲ್ಲ. ಒಂದ ಸೆಟ್ ರಟ್ಟಿನ ಮ್ಯಾಲ ಕೆಂಪ ಸೀರಿನೂ ನೇಯ್ತಾರು, ಹಸರ ಸೀರಿನೂ ನೇಯ್ತಾರು. ಚಿತ್ತಾರ ಬ್ಯಾರೆ ಆಗತೈತೇನು? ಅಚ್ಚು ಒಂದ ಆದ ಮ್ಯಾಲ ನಂಬರೂ ಒಂದ.’

‘ಒಂದ ಕುರಿ ಎರಡ ಮರಿ ಹಾಕಿದ್ರ ಎರಡಕ್ಕೂ ಒಂದ ಹೆಸರ ಇಡತೀರೇನ್ರಿ? ನಮ್ಮಪ್ಪ ಕತ್ತಲ್ಯಾಗ ಮಾರಿ ಮುಟ್ಟಿ ಹೇಳತಿದ್ದ, ಇದು ಯಾವ ಮರಿ ಅಂತ.’

‘ಇದು ಕುರಿ ಅಲ್ಲ.’

‘ಇದು ಸೀರಿನೂ ಅಲ್ಲಲ್ರಿ.’

ನಗುತ್ತ ಶುರುವಾದ ವಾದ ಮೂರು ಭೇಟಿಗಳವರೆಗೆ ಎಳೆಯಿತು. ತರ್ಕ ಬತ್ತಿದ ಕಡೆ ಹಟ ಒರತೆಯೊಡೆಯುತ್ತದೆ. ಮೂರನೆಯ ಸಲ ಅಪ್ಪಾಸಾಬರು, ‘ಕುರಿ ಕಾಯೋರಿಗೆ ಈ ಲೆಕ್ಕ ತಿಳಿಯಾಂಗಿಲ್ಲ ಬಿಡು,’ ಎಂದುಬಿಟ್ಟರು. ಭೀಮಶಿ ತಾನು ತಂದಿದ್ದ ಎರಡನ್ನೂ ಚೀಲಕ್ಕೆ ಹಾಕಿಕೊಂಡ. ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ‘ಬರತೇನ್ರಿ’ ಎಂದ. ಬರಲಿಲ್ಲ.

ಅಪ್ಪಾಸಾಬರೂ ಹೋಗಲಿಲ್ಲ. ಭೀಮಶಿಯ ಪಾಳಿಯ ಬಸ್ಸು ಯಾವುದೆಂದು ಅವರಿಗೆ ಗೊತ್ತಿತ್ತು; ಅದನ್ನು ಬಿಟ್ಟು ಹಿಂದಿನ ಬಸ್ಸು ಹಿಡಿಯುತ್ತಿದ್ದರು. ಅಷ್ಟರಲ್ಲಿ ಕಂಪ್ಯೂಟರಿನಿಂದ ತೂತು ಹೊಡೆಯುವ ಯಂತ್ರ ಊರಿಗೆ ಬಂದು ಅವರ ಕೈಗೆ ಕೆಲಸ ತೆಳುವಾಯಿತು, ಬಿಡುವು ದಪ್ಪವಾಯಿತು. ಸಂಜೆಯ ಊಟ ಈಗ ಸೂರ್ಯ ಇನ್ನೂ ಮಾರುದ್ದ ಮೇಲಿರುವಾಗಲೇ ಮುಗಿದುಹೋಗುತ್ತಿತ್ತು. ಹೊಸ ಗೊಂಬೆ ಬಂದರೆ ಸರಿಯಾದ ಅಂಕಿ ಕೊಟ್ಟು ಸರಿಯಾದ ಜಾಗದಲ್ಲಿ ಇಡುವರು. ಇಟ್ಟು, ಯಾರೋ ಅಡ್ಡಮಾತಾಡಲಿ ಎಂಬಂತೆ ತುಸು ಹೊತ್ತು ನಿಲ್ಲುವರು. ಯಾರೂ ಆಡುತ್ತಿರಲಿಲ್ಲ.

ಐದು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಬಸ್ಸಿನಲ್ಲಿ ರಾಚಪ್ಪನೆಂಬ ಬೇರೊಬ್ಬ ಕಂಡಕ್ಟರ ಚಿಲ್ಲರೆ ಎಣಿಸುತ್ತ, ‘ಭೀಮಶಿ ಹೋಗಿ ತಿಂಗಳ ಆತಲ್ರಿ. ಕಾಮಣಿ ಆಗಿ ಕಣ್ಣೆಲ್ಲಾ ಹಳದಿ ಆಗಿದ್ದುವು,’ ಎಂದ. ಅಪ್ಪಾಸಾಬರು ಜಮಖಂಡಿಗೆ ಹೋಗಬೇಕಾದವರು ನಡುವೆಯೇ ಇಳಿದು, ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದ ರಸ್ತೆಯ ಅಂಚಿನಲ್ಲಿ ಬನಹಟ್ಟಿಯ ಕಡೆಗೆ ನಡೆಯುತ್ತ ಬಂದರು. ಮುಧೋಳಕ್ಕೆ ಹೋಗುವ ಧೈರ್ಯವಾಗಲಿಲ್ಲ. ಸುಂದರವ್ವನೇ ಒಂದು ದಿನ ಬಂದಳು, ಕಂಡಕ್ಟರನ ಖಾಕಿ ಚೀಲ ಹೊತ್ತು.

‘ಇವನ್ನ ಬ್ಯಾರೆ ಯಾರಿಗೂ ಕೊಡಬ್ಯಾಡ, ಚೌಗಲಾರಿಗೆ ಮುಟ್ಟಸು ಅಂದಿದ್ದರು, ಅಣ್ಣಾರ. ಇದರ ಸಲುವಾಗಿ ಜಗಳ ಮಾಡಾವರು ಈ ಸೀಮ್ಯಾಗ ಅವರೊಬ್ಬರ ಅದಾರು ಅಂದ್ರು.’

ಅವಳು ಹೋದ ಮೇಲೆ ಚೀಲ ಬಿಚ್ಚಿದರು. ಪ್ರತಿ ಗೊಂಬೆಯ ಅಂಗಾಲಿನಲ್ಲೂ, ಕುರಿಗಳ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ, ಭೀಮಶಿ ತನ್ನದೇ ಅಂಕಿಗಳನ್ನು ಬರೆದಿದ್ದ. ಕೈಗೆ ಮೊದಲು ಬಂದದ್ದು ಆ ಹಸಿರು ಗೊಂಬೆ. ಹಟ ಇನ್ನೂ ಸತ್ತಿರಲಿಲ್ಲವೋ, ಸತ್ತವನ ಸಾಮಾನನ್ನು ತಮ್ಮ ಕ್ರಮಕ್ಕೆ ಸೇರಿಸಿಕೊಳ್ಳುವುದೇ ಗೌರವವೆಂದು ತಿಳಿದರೋ, ಅವರು ಸ್ಪಿರಿಟಿನಲ್ಲಿ ಅದ್ದಿದ ಅರಿವೆಯಿಂದ ಅದರ ಪಾದವನ್ನು ಒರೆಸಿದರು. ಅರಿವೆ ಕೆಂಪಾದ ಮೇಲೆ ಹೊಳೆಯಿತು: ಜೀವಮಾನವೆಲ್ಲ ಎಲ್ಲದರ ಅಡಿಯನ್ನೂ ಓದಿದ ತಾವು ಇದೊಂದನ್ನು ಓದದೆಯೇ ಅಳಿಸಿದ್ದರು.

ಮಿಕ್ಕವನ್ನೆಲ್ಲ ನೆಲದ ಮೇಲೆ ಹರಡಿದರು. ತಯಾರಕರ ಪ್ರಕಾರ ಜೋಡಿಸಿದರು. ಅಚ್ಚಿನ ಪ್ರಕಾರ, ಕೊಂಡ ಕಾಲದ ಪ್ರಕಾರ, ಎತ್ತರದ ಪ್ರಕಾರ ಜೋಡಿಸಿದರು. ಭೀಮಶಿಯ ಅಂಕಿಗಳು ಯಾವ ಸಾಲಿಗೂ ಒಗ್ಗಲಿಲ್ಲ. ನಡುನಡುವೆ ಬಿಟ್ಟುಹೋದ ಸಂಖ್ಯೆಗಳೂ ಹಲವಿದ್ದವು. ಅಳಿಸಿದ್ದು ಅವುಗಳಲ್ಲಿ ಯಾವುದೆಂದು ಹೇಳಬಲ್ಲವನು ಇರಲಿಲ್ಲ. ಇಷ್ಟು ವರ್ಷ ಅವನ ಕ್ರಮ ತಪ್ಪೆಂದು ಸಾಧಿಸಿದ ಅವರು, ಅದು ಏನೆಂದು ಒಂದು ಸಲವೂ ಕೇಳಿರಲಿಲ್ಲ.

ಮರುವಾರ ಮುಧೋಳಕ್ಕೆ ಹೋದರು. ಸುಂದರವ್ವ ಚಹಾ ತಂದಿಟ್ಟಳು.

‘ತಂಗೀ, ಅಂವಾ ಹೆಂಗ ನಂಬರ ಹಾಕತಿದ್ದ?’

‘ನನಗೇನ ತಿಳೀಬೇಕರಿ. ಒಂದೊಂದನ್ನ ಕೈಯಾಗ ಹಿಡದು ಮಾರಿ ನೋಡತಿದ್ದರು. ಭಾಳೊತ್ತ ನೋಡತಿದ್ದರು. ಆಮ್ಯಾಲ ಬರೀತಿದ್ದರು. ಯಾಕ ಇದ ನಂಬರು ಅಂದ್ರ, ಅದಕ್ಕ ಅದ ಒಪ್ಪತೈತಿ ಅಂತಿದ್ದರು.’

ಅಪ್ಪಾಸಾಬರು, ‘ನಾ ಒಂದ ಅಳಿಸಿಬಿಟ್ನಿ, ತಂಗೀ. ಹಸರದ್ದು. ಓದಲಿಲ್ಲ, ಅಳಿಸಿಬಿಟ್ನಿ,’ ಎಂದರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ‘ಅಳಿಸಿದ್ರ ಅಳಿಸೀರಿ ಬಿಡ್ರಿ, ಅಣ್ಣಾರ. ಅವರಿದ್ದಿದ್ರ ಇಷ್ಟೊತ್ತಿಗೆ ನಿಮ್ಮ ಜೋಡಿ ಜಗಳ ತಗದು ಈ ಚಾ ತಣ್ಣಗ ಮಾಡತಿದ್ದರು. ಬಿಸಿ ಐತಿ, ಕುಡೀರಿ.’

ಕುಡಿದು ಬಂದರು. ಭೀಮಶಿಯ ಗೊಂಬೆಗಳಿಗೆ ಬೇರೆ ಹಲಗೆ ಹೊಡೆಸಿ, ಕೆಂಪು ಅಂಕಿಗಳನ್ನು ಮುಟ್ಟದೆ, ಅವನ ಅಂಕಿಯ ಅನುಕ್ರಮದಲ್ಲೇ ನಿಲ್ಲಿಸಿದರು. ಹಸಿರು ಗೊಂಬೆಗೆ ಅಂಕಿಯಿಲ್ಲದ್ದರಿಂದ ಜಾಗವೂ ಇರಲಿಲ್ಲ. ಅದು ಅವರು ಊಟಕ್ಕೆ ಕೂರುವ ಮಣೆಯ ಎದುರಿಗಿನ ಗೂಡಿನಲ್ಲಿ ಇರತೊಡಗಿತು.

ಲೋಕ ಆಟಿಕೆಯೆಂದು ಎಸೆದದ್ದನ್ನು ಎತ್ತಿಕೊಂಡು, ಅದಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ನೆಲೆ ಹುಡುಕುವ ಈ ಜನ ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ನಾವು ಒಂಟಿಗಳೆಂದು ಮರುಗುತ್ತೇವೆ, ಇಲ್ಲವೇ ಹುಚ್ಚರೆಂದು ನಗುತ್ತೇವೆ. ತೀರ ಕನಿಕರ ಹುಟ್ಟಿದರೆ ಹೊಗಳಿಬಿಡುತ್ತೇವೆ. ಅವರಿಗೆ ಬೇಕಾದದ್ದು ಅದಾವುದೂ ಅಲ್ಲ. ತಮ್ಮಷ್ಟೇ ಆಸ್ಥೆಯಿಂದ ಅದೇ ವಸ್ತುವನ್ನು ಕೈಗೆತ್ತಿಕೊಂಡು, ನೀವು ತಪ್ಪು ಎಂದು ಎದುರು ನಿಂತು ಹೇಳಬಲ್ಲ ಇನ್ನೊಂದು ಜೀವ ಅವರಿಗೆ ಬೇಕು. ಅಂಥ ಜೀವ ಆಯುಷ್ಯದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ. ಅದು ಹೋದ ಮೇಲೆ ಅವರು ಎಷ್ಟೇ ಸರಿಯಿರಲಿ, ಆ ಸರಿ ಉಪ್ಪಿಲ್ಲದ ಅನ್ನ.